ಒಂಟೆಯ ಒ

ನಿಮ್ಮ ‘ಋಷಿ’ ಹೋದ ಶುಕ್ರವಾರ ತೀರಿಕೊಂಡರು ಎಂದು ಮೈಸೂರಿನ ಮಾಸಪತ್ರಿಕೆಯ ಸಂಪಾದಕರಿಗೆ ಒಂದು ಕಾರ್ಡು ಬರೆದು ಹಾಕಿದೆ. ನಾಲ್ಕನೆಯ ದಿನಕ್ಕೆ ಉತ್ತರ ಬಂತು. ‘ಋಷಿವರ್ಯರು ದೇಹವಿಟ್ಟ ಸುದ್ದಿ ತಿಳಿದು ವ್ಯಸನವಾಯಿತು. ಅವರ ಸಮಾಧಿ ಸಾವನದುರ್ಗದ ಯಾವ ಪಾರ್ಶ್ವದಲ್ಲಿದೆ? ಪೂರ್ವಾಶ್ರಮ ಯಾವುದು? ಶಿಷ್ಯರು ಯಾರಾದರೂ ಉಂಟೇ? ತಾವು ಬಲ್ಲವರಾದ್ದರಿಂದ ಮುಂದಿನ ಸಂಚಿಕೆಗೆ ನಾಲ್ಕು ಮಾತು ಬರೆದು ಕಳಿಸಬೇಕು.’

ಬರೆಯುತ್ತಿದ್ದೇನೆ. ಮೊದಲು ಪ್ರಶ್ನೆಗಳಿಗೆ ಉತ್ತರ ಕೊಟ್ಟುಬಿಡುತ್ತೇನೆ. ಸಮಾಧಿ ಸಾವನದುರ್ಗದಲ್ಲಿಲ್ಲ, ಚನ್ನಪಟ್ಟಣದ ಖಬರಸ್ತಾನದಲ್ಲಿದೆ, ಹುಣಿಸೆಮರದ ಎಡಕ್ಕೆ. ಪೂರ್ವಾಶ್ರಮ, ಉತ್ತರಾಶ್ರಮ ಏನೂ ಇರಲಿಲ್ಲ. ಇದ್ದದ್ದು ಒಂದೇ ಆಶ್ರಮ, ಅದರಲ್ಲಿ ಒಬ್ಬ ಹೆಂಡತಿ, ಐದು ಜನ ಹೆಣ್ಣುಮಕ್ಕಳು ಮತ್ತು ಹಾಸಿಗೆ ಬಿಟ್ಟು ಏಳದ ಒಬ್ಬ ಭಾವಮೈದುನ ಇದ್ದರು. ಶಿಷ್ಯರಿಲ್ಲ. ಅವರು ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಬೊಂಬೆ ಮಾಡುವ ಮುಸಲ್ಮಾನರು. ಋಷಿಯಂತೂ ಅಲ್ಲವೇ ಅಲ್ಲ.

ತಂದೆ ಇಟ್ಟ ಹೆಸರು ಊರಿಗೆಲ್ಲ ಗೊತ್ತಿತ್ತು, ಅದು ಇಲ್ಲಿ ಬೇಡ. ಅವರು ತಾವೇ ಇಟ್ಟುಕೊಂಡ ಹೆಸರು ‘ಒಸಿ’. ನಮ್ಮ ಸೀಮೆಯಲ್ಲಿ ಒಸಿ ಎಂದರೆ ಸ್ವಲ್ಪ. ಒಸಿ ಉಪ್ಪು ಹಾಕು, ಒಸಿ ಜರುಗು, ಒಸಿ ತಡಿ. ಅದನ್ನು ಋಷಿ ಮಾಡಿದವನು ನಾನು. ಬೆಳಗ್ಗೆ ಎಂಟು ಗಂಟೆಗೆ, ಸ್ನಾನ ಮಾಡಿ, ಸ್ವಸ್ಥ ಬುದ್ಧಿಯಿಂದ, ನನ್ನ ಗುಂಡಾದ ಅಕ್ಷರದಲ್ಲಿ ಮಾಡಿದೆ. ಇದನ್ನು ಇಷ್ಟು ವರ್ಷ ಒಬ್ಬರ ಮುಂದೆ ಬಿಟ್ಟು ಇನ್ನಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಪರಿಚಯವಾದದ್ದೂ ಅಕ್ಷರದಿಂದಲೇ. ಆಗ ನಾನು ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟ್ರು. ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಅಕ್ಷರಕ್ಕೊಂದು ಮರದ ದಿಮ್ಮಿ, ಒಂದು ಮಗ್ಗುಲಲ್ಲಿ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಚಿತ್ರ. ನಮ್ಮೂರಿನಲ್ಲಿ ಬೊಂಬೆ ಮಾಡುವವರಿಗೆ ಬರವಿಲ್ಲ. ಅಕ್ಷರ ಬಲ್ಲವರು ಬೇಕು ಎಂದು ಹುಡುಕುತ್ತ ಅವರ ಅಂಗಡಿಗೆ ಹೋಗಿ, ‘ಸಾಯಿಬ್ರೇ, ನಿಮಗೆ ಕನ್ನಡ ಬರ್ತದಾ?’ ಎಂದು ಕೇಳಿದೆ.

ಮರ ಕಡೆಯುವ ಚರಕಿಯ ಮುಂದೆ ಕೂತಿದ್ದ ಮನುಷ್ಯ ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ‘ಒಸಿ’ ಎಂದರು.

ಆವತ್ತು ಅಲ್ಲಿ ಅರ್ಧ ಗಂಟೆ ನಿಂತಿದ್ದೆ. ಅಷ್ಟರೊಳಗೆ ಅವರು ಹಾಲೆಮರದ ತುಂಡು ಹಸಿಯೋ ಒಣಗಿದ್ದೋ ಎಂದು ಒಬ್ಬ ರೈತನ ಜೊತೆ ಜಗಳ ಕಾದು ಗೆದ್ದರು, ಒಬ್ಬ ಮುದುಕಿಯ ಮೊಮ್ಮಗಳಿಗೆ ಹೆಸರು ಹುಡುಕಿಕೊಟ್ಟರು, ಬೀದಿಯಲ್ಲಿ ಹೋಗುತ್ತಿದ್ದ ಶ್ಯಾನುಭೋಗರ ನಡಿಗೆಯ ಮೇಲೆ ಎರಡು ಸಾಲು ಪದ ಕಟ್ಟಿದರು. ಎಲ್ಲವೂ ಕನ್ನಡದಲ್ಲಿ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ, ಮೇಲಾಗಿ ಪಂಡಿತ ಪರೀಕ್ಷೆ ಪಾಸಾಗಿತ್ತು.

ಅಕ್ಷರಗಳ ಪಟ್ಟಿ ಕೊಟ್ಟೆ. ‘ಅ’ ಇಂದ ‘ಊ’ ತನಕ ತಕರಾರಿಲ್ಲ. ಆಮೇಲೆ ಬೆರಳಿಟ್ಟರು.

‘ಇದ್ಯಾವ್ದು ಮೇಷ್ಟ್ರೇ, ಬಾಲ ಸುತ್ಕೊಂಡು ಕುಂತಿರೋದು?’

‘ಅದು ಋ. ಋಷಿಯ ಋ.’

‘ಇನ್ಯಾತಕ್ಕೆ ಬತ್ತದೆ?’

‘ಋತುವಿಗೆ ಬರುತ್ತೆ. ಋಗ್ವೇದಕ್ಕೆ ಬರುತ್ತೆ.’

‘ನಮ್ ಬೀದೀಲಿ ಇವ್ಯಾವೂ ಇಲ್ವಲ್ಲ. ರು ಅಂತ ಬರೆದ್ರೆ ಋಷಿ ಕ್ವಾಪ ಮಾಡ್ಕತಾರಾ?’

ಹೀಗೆ ವಾದ ಮಾಡಿದರೂ ದಿಮ್ಮಿ ಮಾಡಿಕೊಟ್ಟರು. ಋಷಿಯ ಚಿತ್ರಕ್ಕೆ ಮಾದರಿ ಸಿಗದೆ ಕನ್ನಡಿ ಮುಂದಿಟ್ಟುಕೊಂಡು ತಮ್ಮ ಗಡ್ಡವನ್ನೇ ಬಿಡಿಸಿದರು. ಎಡವಟ್ಟಾದದ್ದು ‘ಒ’ ಗೆ. ಅವರು ಒಂಟೆ ಕಂಡವರಲ್ಲ. ನಾನು ದಸರೆಯ ಮೆರವಣಿಗೆಯಲ್ಲಿ ಜನರ ತಲೆಗಳ ಸಂದಿಯಿಂದ ಕಂಡಿದ್ದೆ. ನಾನು ವರ್ಣಿಸಿದೆ, ಅವರು ಬಿಡಿಸಿದರು, ಇಬ್ಬರ ಪಾಂಡಿತ್ಯವೂ ಸೇರಿ ಗೂನು ಬೆನ್ನಿನ ಒಂದು ಎಮ್ಮೆ ಹುಟ್ಟಿತು. ತನಿಖೆಗೆ ಬಂದ ಇನ್‌ಸ್ಪೆಕ್ಟರು ‘ಇದು ಒಂಟೆಯಲ್ಲ. ಎಮ್ಮೆಯೆಂದು ಎ ಗೆ ಹಾಕಿರಿ, ಇಲ್ಲವೇ ತೆಗೆದುಹಾಕಿರಿ’ ಎಂದು ಷರಾ ಬರೆದರು. ತೆಗೆದು ನನ್ನ ಬೀರುವಿನಲ್ಲಿಟ್ಟೆ. ಆ ವರ್ಷದ ಮಕ್ಕಳು ‘ಒ’ ಇಲ್ಲದೆಯೇ ಕನ್ನಡ ಕಲಿತರು. ಅವರಲ್ಲಿ ಒಬ್ಬ ಈಗ ಹಾರೋಹಳ್ಳಿಯ ಕಡೆ ಶೇಕದಾರನಾಗಿದ್ದಾನೆ, ಏನೂ ತೊಂದರೆಯಾಗಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವರ ಅಂಗಡಿಯ ಕಟ್ಟೆ ನನ್ನ ಜಾಗವಾಯಿತು. ಅವರು ಒಂದು ಕೈಯಲ್ಲಿ ಬಿಲ್ಲು, ಒಂದು ಕೈಯಲ್ಲಿ ಉಳಿ ಹಿಡಿದು ಕೂರುತ್ತಿದ್ದರು. ಬಿಲ್ಲಿನ ದಾರ ಮರದ ತುಂಡಿಗೆ ಸುತ್ತಿರುತ್ತದೆ, ಎಳೆದರೆ ಮರ ಆ ಕಡೆ ತಿರುಗುತ್ತದೆ, ನೂಕಿದರೆ ಈ ಕಡೆ. ಪದ ಕಟ್ಟುವುದೂ ಅದೇ ಲೆಕ್ಕದಲ್ಲಿ. ಎಳೆದಾಗ ಒಂದು ಸಾಲು, ನೂಕಿದಾಗ ಒಂದು ಸಾಲು. ಮೂರನೆಯ ಸಾಲಿಗೆ ಹೋದರೆ ಬೆರಳು ಉಳಿಯುವುದಿಲ್ಲ ಎನ್ನುತ್ತಿದ್ದರು. ಬಣ್ಣ ಹಚ್ಚಿ, ಕೇದಗೆಯ ಗರಿ ಒತ್ತಿ ಹೊಳಪು ಬಂದ ಮೇಲೆ ಪ್ರತಿಯೊಂದು ಗಿಲಕಿಯನ್ನೂ ತಮ್ಮ ಬಾಯಿಗಿಟ್ಟು ಒಮ್ಮೆ ಚೀಪುತ್ತಿದ್ದರು. ಕೊಳ್ಳಲು ಬಂದವರು ಮುಖ ಸಿಂಡರಿಸಿದರೆ, ‘ಕೂಸು ನಿಮ್ಮಂಗೆ ಕೈಯಲ್ಲಿ ಹಿಡ್ಕಂಡು ನೋಡಾಕಿಲ್ಲ ತಾಯಿ, ಸೀದಾ ಬಾಯಿಗೇ ಇಕ್ಕತದೆ. ಚುಚ್ಚೋದಿದ್ರೆ ಮೊದ್ಲು ನಂಗೆ ಚುಚ್ಚಲಿ’ ಎಂದು ಅದೇ ಗಿಲಕಿಯನ್ನು ಲುಂಗಿಗೆ ಒರೆಸಿ ಕೊಡುತ್ತಿದ್ದರು. ಅರ್ಧ ತಾಲ್ಲೂಕಿನ ಮಕ್ಕಳು ಅವರ ಎಂಜಲು ಉಂಡು ಬೆಳೆದಿವೆ. ಮಡಿಯ ಮನೆಗಳ ಹೆಸರು ಹೇಳುವುದಿಲ್ಲ.

ಅವರ ಪದಗಳಲ್ಲಿ ಎರಡು ನನಗೆ ಬಾಯಿಪಾಠ. ಒಂದು ಭಾವಮೈದುನನ ಮೇಲೆ ಕಟ್ಟಿದ್ದು:

ತಿರುಗೋ ಮರಕ್ಕೆ ಬಣ್ಣ ಹತ್ತೀತು,
ನಿಂತ ಮರಕ್ಕೆ ಗೆದ್ಲು ಹತ್ತೀತು.

ಇನ್ನೊಂದು ಗಿಲಕಿಯ ಮೇಲೆ:

ಹೊಟ್ಟೇಲಿ ಕಲ್ಲು, ಮೈಯೆಲ್ಲ ಹೊಳಪು,
ಅಲ್ಲಾಡ್ಸೋಗಂಟ ಬಾಯಿಲ್ಲ ಗಿಲಕೀಗೆ.

ಇದು ನಮ್ಮ ಹೆಡ್‌ಮಾಸ್ತರರ ಮೇಲೆ ಎಂದು ನಾನು ತಿಳಿದು ಬಹಳ ನಕ್ಕಿದ್ದೆ. ಅವರೂ ನಕ್ಕರು, ನನಗಿಂತ ಒಸಿ ಜಾಸ್ತಿ.

ಪತ್ರಿಕೆಗೆ ಕಳಿಸೋಣ ಎಂದು ಹಠ ಹಿಡಿದವನು ನಾನೇ. ಆಗ ನನಗೂ ಕವಿಯಾಗುವ ಚಟವಿತ್ತು. ನನ್ನ ಕಾವ್ಯನಾಮ ‘ಕಣ್ವತೀರವಾಸಿ’. ಕಣ್ವ ನಮ್ಮೂರ ಹತ್ತಿರದ ಹೊಳೆ. ನನಗೆ ಈಜು ಬಾರದು. ಅದರ ತೀರಕ್ಕೆ ಹೋದದ್ದು ಎರಡು ಸಲ, ಎರಡು ಸಲವೂ ಚಪ್ಪಲಿ ಕಳೆದುಕೊಂಡು ಬಂದಿದ್ದೆ. ಆ ಹೆಸರು ಕೇಳಿ ಅವರು ಬಿಲ್ಲು ನಿಲ್ಲಿಸಿದರು. ಅವರು ಬಿಲ್ಲು ನಿಲ್ಲಿಸುವುದು ಅಪರೂಪ.

‘ನೀವಿರೋದು ಪೇಟೆ ಬೀದೀಲಿ. ಮನೆ ಹಿಂದ್ಗಡೆ ಮೋರಿ ಐತೆ. ಮೋರಿತೀರವಾಸಿ ಅಂತ ಹಾಕ್ಕಳಿ ಮೇಷ್ಟ್ರೇ, ಟಪಾಲಾದ್ರೂ ಸರ್ಯಾಗಿ ಬತ್ತದೆ.’

‘ಕಾವ್ಯನಾಮ ಅಂದ್ರೆ ಸ್ವಲ್ಪ ಘನವಾಗಿರಬೇಕು ಸಾಯಿಬ್ರೇ.’

‘ಹೆಸ್ರು ಅಂದ್ರೆ ಬಾಗ್ಲು. ಬಡಿದ್ರೆ ಒಳಗಿರೋನೇ ಬಂದು ತೆಗೀಬೇಕು. ಬಾಗ್ಲಿಗೆ ಅರಮನೆ ಕೆತ್ನೆ ಮಾಡ್ಸಿ, ಒಳಗೆ ಹೋದ್ರೆ ಕೋಳಿ ಗೂಡು ಇದ್ರೆ ಬಂದೋರು ಏನಂದ್ಕಬೇಕು?’

‘ಹಾಗಾದ್ರೆ ನಿಮ್ಮ ಹೆಸರೇನು ಹಾಕಲಿ?’

‘ಒಸಿ.’

ನಾನು ನಕ್ಕೆ. ಅವರು ನಗಲಿಲ್ಲ. ‘ಹುಟ್ಟಿದಾಗ್ಲಿಂದ ಎಲ್ರೂ ನಂಗೆ ಕೇಳಿರೋದು ಒಂದೇ ಮಾತು, ಸಾಯಿಬ್ರೇ ಕನ್ನಡ ಬತ್ತದಾ. ಚೆನ್ನಾಗಿ ಬತ್ತದೆ ಅಂದ್ರೆ ಪರೀಕ್ಷೆ ಮಾಡ್ತಾರೆ. ಬರಾಕಿಲ್ಲ ಅಂದ್ರೆ ಪಾಠ ಮಾಡ್ತಾರೆ. ಒಸಿ ಅಂದ್ರೆ ಅವ್ರಿಗೂ ಸಮಾಧಾನ, ನಂಗೂ ಕೆಲ್ಸ ಸಾಗ್ತದೆ. ಈಗ ಅಚ್ಚಿನಲ್ಲಿ ಓದೋರೂ ಅದನ್ನೇ ಕೇಳ್ತಾರೆ. ಕೇಳೋಕ್ ಮೊದ್ಲೇ ಉತ್ತರ ಹೇಳಿ ಕುಂತ್ಕತೀನಿ. ನಾನು ಒಸಿ ಬಡಗಿ, ಒಸಿ ಕವಿ. ನಮ್ ಮನೇಲಿ ಕೇಳಿದ್ರೆ ನನ್ನ ಉರ್ದೂನೂ ಒಸೀನೇ.’

ಮರುದಿನ ಬೆಳಗ್ಗೆ ಪ್ರತಿ ಮಾಡಲು ಕೂತೆ. ಮೊದಲು ಪದಗಳನ್ನು ತಿದ್ದಿದೆ. ‘ಒಡಲೊಳಗೆ ಶಿಲೆಯುಂಟು, ಮೇಲೆ ಕಾಂತಿಯು ಮಿಂಚು, ಅಲುಗಿಸಲು ನುಡಿಯುವುದು ಗಿಲಕಿ ನೋಡಾ’ ಎಂದು ಗಿಲಕಿಗೆ ಜರತಾರಿ ಉಡಿಸಿದೆ. ಕೆಳಗೆ ಹೆಸರು ಬರೆಯುವಾಗ ಲೇಖನಿ ನಿಂತಿತು. ಒಸಿ ಎಂಬುದು ಗ್ರಾಮ್ಯ. ಸಂಪಾದಕರು ನಗುತ್ತಾರೆ, ಕಳಿಸಿದ ನನ್ನನ್ನೂ ಸೇರಿಸಿಕೊಂಡು ನಗುತ್ತಾರೆ. ಕೈ ತಾನಾಗಿಯೇ ಹೋಗಿ ‘ಋಷಿ’ ಎಂದು ಬರೆಯಿತು. ಸುಳ್ಳು. ಕೈ ತಾನಾಗಿ ಹೋಗಲಿಲ್ಲ, ನಾನು ಕಳಿಸಿದೆ. ವರ್ಣಮಾಲೆಯಲ್ಲಿ ಋಷಿಗೂ ಒಂಟೆಗೂ ನಡುವೆ, ೠ ಸೇರಿಸಿದರೂ, ನಾಲ್ಕೇ ಅಕ್ಷರ ಎಂದು ಸಮಾಧಾನ ಹೇಳಿಕೊಂಡು ಕವರು ಅಂಟಿಸಿದೆ.

ಅಚ್ಚಾಗಿ ಬಂತು. ಅವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ‘ಇದ್ಯಾರು ಋಷಿ?’ ಎಂದರು.

‘ಮುದ್ರಣದೋಷ. ಅಚ್ಚಿನಮನೆಯವರ ತಪ್ಪು.’

‘ಹೌದಾ. ಮುಂದಿನ್ಸಲ ಒಸಿ ದಪ್ಪಗೆ ಬರೀರಿ.’

ದಪ್ಪಗೆ ಬರೆದೆ, ಋಷಿ ಎಂದೇ. ಕಾರಣ ಇದೆ. ಸಂಪಾದಕರು ನನಗೆ ಕಾಗದ ಬರೆದು, ಕಣ್ವತೀರದಲ್ಲಿ ಇಂಥ ಅನುಭಾವಿಗಳೊಬ್ಬರು ಇರುವುದು ಆಶ್ಚರ್ಯವಲ್ಲವೆಂದೂ, ಅವರ ಸಮೀಪವರ್ತಿಯಾದ ನನ್ನ ಷಟ್ಪದಿಯನ್ನೂ ಮುಂದಿನ ತಿಂಗಳು ಪ್ರಕಟಿಸುವುದಾಗಿಯೂ ತಿಳಿಸಿದ್ದರು. ಅದಕ್ಕೆ ಮುಂಚೆ ನನ್ನ ಷಟ್ಪದಿ ಹದಿನಾಲ್ಕು ಸಲ ಹೋಗಿ ಹದಿನಾಲ್ಕು ಸಲ ವಾಪಸು ಬಂದಿತ್ತು. ಋಷಿಯ ಬಾಲ ಹಿಡಿದು ಹದಿನೈದನೆಯ ಸಲ ದಾಟಿತು. ಇನ್ನು ಋಷಿಯನ್ನು ಬಿಡುವುದು ಹೇಗೆ?

ಏಳು ಸಂಚಿಕೆಗಳಲ್ಲಿ ಋಷಿ ಬಂದರು. ಓದುಗರು ಹುಚ್ಚೆದ್ದು ಹೋದರು. ಭಾವಮೈದುನನ ಮೇಲಿನ ಪದದಲ್ಲಿ ಒಬ್ಬರು ಕರ್ಮಯೋಗ ಕಂಡರು. ತಿರುಗುವ ಮರವೆಂದರೆ ಜನ್ಮಾಂತರವೆಂದು ಇನ್ನೊಬ್ಬರು ವಾದಿಸಿದರು. ಋಷಿಗಳು ಸಾವನದುರ್ಗದ ಗವಿಯಲ್ಲಿದ್ದಾರೆಂದು ಯಾರೋ ಹಬ್ಬಿಸಿದ್ದರಿಂದ ಮಾಗಡಿಯ ಇಬ್ಬರು ಭಕ್ತರು ಹಣ್ಣಿನ ಬುಟ್ಟಿ ಹೊತ್ತು ಬೆಟ್ಟ ಹತ್ತಿದರು. ಕೋತಿಗಳು ಬುಟ್ಟಿ ಕಿತ್ತುಕೊಂಡವು. ಋಷಿಗಳು ಕಪಿರೂಪದಲ್ಲಿ ಫಲ ಸ್ವೀಕರಿಸಿದರೆಂದು ಅವರು ಪತ್ರಿಕೆಗೆ ಬರೆದರು, ಅದೂ ಅಚ್ಚಾಯಿತು. ಇದನ್ನು ಓದಿ ಹೇಳಿದಾಗ ಸಾಯಿಬ್ರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ, ‘ಸಾಕು ಮೇಷ್ಟ್ರೇ. ಜನ ನನ್ನಿಂದ ಮೋಸ ಹೋಯ್ತಾ ಅವ್ರೆ. ನಾನೇ ಒಂದ್ ಕಾಗ್ದ ಬರೀತೀನಿ’ ಎಂದರು.

ಬರೆದರು. ನನ್ನ ಕೈಗೆ ಕೊಡದೆ ತಾವೇ ಹೋಗಿ ಡಬ್ಬಿಗೆ ಹಾಕಿದರು. ‘ಸಂಪಾದಕ ಸ್ವಾಮಿಯವರಿಗೆ ಸಲಾಮು. ನಾನು ಋಷಿ ಅಲ್ಲ. ನಾನು ಒಸಿ. ಮರ ತಿರುಗಿಸೋನು. ದಯಮಾಡಿ ತಿದ್ದಬೇಕು.’ ಇಷ್ಟೇ. ಮುಂದಿನ ಸಂಚಿಕೆಯಲ್ಲಿ ‘ಋಷಿಯ ವಿನಯ’ ಎಂಬ ತಲೆಬರಹದಡಿ, ಸುತ್ತ ಬಳ್ಳಿಯ ಚೌಕಟ್ಟು ಹಾಕಿ ಅದನ್ನು ಅಚ್ಚು ಮಾಡಿದ್ದರು. ಕೆಳಗೆ ಸಂಪಾದಕರ ಅಡಿಟಿಪ್ಪಣಿ: ‘ಇಲ್ಲಿ ಒಸಿ ಎಂಬುದು ಲೇಖನದೋಷ. ಅಸಿ ಎಂದು ಓದಿಕೊಳ್ಳತಕ್ಕದ್ದು. ತತ್ತ್ವಮಸಿ ಎಂಬ ಮಹಾವಾಕ್ಯದ ಅಸಿ. ನಾನು ಋಷಿಯೆಂಬ ವ್ಯಕ್ತಿಯಲ್ಲ, ಬರಿಯ ಇರುವಿಕೆ ಎಂದು ಭಾವ. ಮರವೆಂದರೆ ಸಂಸಾರವೃಕ್ಷ. ಸಲಾಮು ಎಂಬ ಪ್ರಯೋಗ ಋಷಿಗಳ ಸಮದರ್ಶಿತ್ವಕ್ಕೆ ನಿದರ್ಶನ.’

ಅವರು ಮೂರು ಸಲ ಓದಿಸಿಕೊಂಡರು. ಟೋಪಿ ತೆಗೆದು ತಲೆ ಕೆರೆದುಕೊಂಡರು. ‘ಅಲ್ಲ ಮೇಷ್ಟ್ರೇ, ನಾನಲ್ಲ ಅಂತ ನಾನೇ ಹೇಳಿದ್ರೂ ನಂಬಾಕಿಲ್ವಲ್ಲ! ಇನ್ನು ಎದ್ರುಗೆ ಹೋಗಿ ನಿಂತ್ಕಬೇಕು. ಮಖ ಕಂಡ್ರೆ ನಂಬ್ತಾರೆ.’

ಹಾಗೆ ನಿಲ್ಲುವ ಅವಕಾಶವೂ ಬಂತು. ಕ್ಲೋಸ್‌ಪೇಟೆಯ ಒಂದು ವಾಚನಾಲಯದವರು ಋಷಿಗಳನ್ನು ಸನ್ಮಾನಕ್ಕೆ ಕರೆದು ನನ್ನ ವಿಳಾಸಕ್ಕೆ ಆಹ್ವಾನ ಕಳಿಸಿದರು. ಪಕ್ಕದ ಊರು, ರಾಮಗಿರಿಯ ಬುಡದಲ್ಲಿದೆ. ಅದಕ್ಕೂ ಯಾರೋ ಇಂಗ್ಲಿಷ್ ದೊರೆಯ ಹೆಸರು ಅಂಟಿಕೊಂಡಿದೆ, ಊರನ್ನು ಯಾರೂ ಕೇಳಿದ ಹಾಗಿಲ್ಲ. ಸಾಯಿಬ್ರು ಒಗೆದ ಷರಾಯಿ, ಕಪ್ಪು ಕೋಟು, ಹೊಸ ಟೋಪಿ ಹಾಕಿಕೊಂಡು ಬಂದರು. ಕರವಸ್ತ್ರದಲ್ಲಿ ವಾಚನಾಲಯಕ್ಕೆಂದು ಮಾಡಿದ ಒಂದು ಬಣ್ಣದ ಮಸಿಕುಡಿಕೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಒಂದೇ ಮಾತನ್ನು ಉರು ಹೊಡೆಯುತ್ತಿದ್ದರು. ‘ನಾನು ಋಷಿ ಅಲ್ಲ, ಒಸಿ. ಚನ್ನಪಟ್ಣದ ಬೊಂಬೆ ಮಾಡೋನು.’ ಒಮ್ಮೆ ಜೋರಾಗಿ ಹೇಳಿದರು, ಒಮ್ಮೆ ಮೆತ್ತಗೆ, ಒಮ್ಮೆ ಕೈ ಎದೆಯ ಮೇಲಿಟ್ಟು. ‘ಯಾವ್ದು ಚೆಂದಾಗೈತೆ?’ ಎಂದು ನನ್ನನ್ನು ಕೇಳಿದರು. ಎದೆಯ ಮೇಲೆ ಕೈಯಿಟ್ಟದ್ದು ಎಂದೆ.

ಸ್ಟೇಷನ್ನಿನಲ್ಲಿ ಇಬ್ಬರು ಸೇವಂತಿಗೆಯ ಹಾರ ಹಿಡಿದು ನಿಂತಿದ್ದರು. ನಾವು ಇಬ್ಬರೂ ಇಳಿದೆವು. ಒಬ್ಬ ಗಡ್ಡದ ಸಾಯಿಬ್ರು, ಒಬ್ಬ ರುಮಾಲು ಸುತ್ತಿ, ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡ ಮೇಷ್ಟ್ರು. ಹಾರ ಹಿಡಿದವರು ನಮ್ಮಿಬ್ಬರನ್ನೂ ನೋಡಿ, ಅರೆಗಳಿಗೆಯೂ ಅನುಮಾನಿಸದೆ ಹಾರವನ್ನು ನನಗೆ ಹಾಕಿ ಕಾಲಿಗೆ ಬಿದ್ದರು. ಹೇಳಲೆಂದು ಬಾಯಿ ತೆರೆದೆ, ಒಂದು ಸೇವಂತಿಗೆ ಬಾಯೊಳಗೆ ಹೋಯಿತು. ಅದನ್ನು ಉಗುಳಿದ ಮೇಲೆ ಹೇಳಬಹುದಿತ್ತು. ಜಟಕಾ ಹತ್ತುವಾಗ ಹೇಳಬಹುದಿತ್ತು. ‘ಇವರು ಯಾರು?’ ಎಂದು ಅವರು ಕೇಳಿಯೂ ಕೇಳಿದರು. ‘ನಮ್ಮ ಊರಿನವರು, ಜೊತೆಗೆ ಬಂದಿದಾರೆ’ ಎಂದೆ. ಜಟಕಾ ಹೊಡೆಯುವವನೂ ಮುಸಲ್ಮಾನ, ಆದ್ದರಿಂದ ಸಾಯಿಬ್ರನ್ನು ಅವನ ಪಕ್ಕದಲ್ಲಿ ಕೂರಿಸಿದರು. ಅವರು ಒಮ್ಮೆ ಹಿಂತಿರುಗಿ ನೋಡಿದರು. ನಾನು ಮಾತನಾಡುತ್ತೇನೆ, ಸಭೆಯಲ್ಲಿಯೇ ಎಲ್ಲರ ಮುಂದೆ ಹೇಳಲೆಂದು ಇಟ್ಟುಕೊಂಡಿದ್ದೇನೆ ಎಂದುಕೊಂಡಿರಬೇಕು.

ಸಭೆಯಲ್ಲಿ ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಅವರು ಮೂರನೆಯ ಸಾಲಿನ ಬೆಂಚಿನಲ್ಲಿ ಮಸಿಕುಡಿಕೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಧ್ಯಕ್ಷರು ಗಿಲಕಿಯ ಪದವನ್ನು ಎತ್ತಿಕೊಂಡು, ಗಿಲಕಿ ಎಂದರೆ ದೇಹ, ಒಳಗಿನ ಶಿಲೆ ಎಂದರೆ ಅಚಲವಾದ ಆತ್ಮ, ಅಲುಗಿಸುವವನು ಸದ್ಗುರು ಎಂದು ಮುಕ್ಕಾಲು ಗಂಟೆ ವಿವರಿಸಿದರು. ‘ಆ ಗಿಲಕಿಯ ರಹಸ್ಯ ಬಲ್ಲವರು ನಮ್ಮ ಮುಂದೆಯೇ ಕುಳಿತಿದ್ದಾರೆ’ ಎಂದು ನನ್ನ ಕಡೆ ಕೈ ತೋರಿಸಿದಾಗ ಮೂರನೆಯ ಸಾಲಿನಿಂದ ಒಂದು ದೊಡ್ಡ ನಗು ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, ಅವರ ಭುಜದ ಮೇಲೆ ಕೈಯಿಟ್ಟು ಅಕ್ಕರೆಯಿಂದ ಕೇಳಿದರು:

‘ಸಾಯಿಬ್ರೇ, ನಿಮಗೆ ಕನ್ನಡ ಬತ್ತದಾ?’

ಅವರು ಎದ್ದು ನಿಂತರು. ಕೋಟಿನ ಗುಂಡಿ ಸರಿಮಾಡಿಕೊಂಡರು. ರೈಲಿನಲ್ಲಿ ನಾನು ಆರಿಸಿಕೊಟ್ಟ ಹಾಗೆಯೇ ಎದೆಯ ಮೇಲೆ ಕೈಯಿಟ್ಟು, ಸಭೆಗೆಲ್ಲ ಕೇಳುವಂತೆ ಹೇಳಿದರು:

‘ಒಸಿ.’

ಸಭೆ ಪ್ರೀತಿಯಿಂದ ನಕ್ಕಿತು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅವರು ನನ್ನನ್ನು ನೋಡುತ್ತ ನಿಂತಿದ್ದರು. ಆ ಮಾತಿನ ಅರ್ಥ ಅಲ್ಲಿದ್ದ ಜನರಲ್ಲಿ ಒಬ್ಬನಿಗೆ ಗೊತ್ತಿತ್ತು, ಆ ಒಬ್ಬ ಎದ್ದು ‘ಇವರೇ’ ಎಂದಿದ್ದರೆ ಸಾಕಾಗಿತ್ತು. ನಾನು ಶಾಲಿನ ಅಂಚಿನ ಬುಟ್ಟಾಗಳನ್ನು ಎಣಿಸುತ್ತಿದ್ದೆ. ಹದಿನೇಳು ಇದ್ದವು. ಅವರು ಕೂತರು.

ವಾಪಸು ರೈಲಿನಲ್ಲಿ ಶಾಲನ್ನು ಅವರ ತೊಡೆಯ ಮೇಲಿಟ್ಟೆ. ಅವರು ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ, ‘ನೂಲು ಚೆನ್ನಾಗೈತೆ’ ಎಂದು ಮಡಿಸಿ ಹಿಂದಕ್ಕೆ ಕೊಟ್ಟರು. ‘ಇದು ಋಷೀದು. ನಂಗ್ಯಾಕೆ?’

ನನಗೆ ತಡೆಯಲಾಗಲಿಲ್ಲ. ‘ಅದು ಅಚ್ಚಿನಮನೆಯವರ ತಪ್ಪಲ್ಲ. ಮೊದಲಿನಿಂದಲೂ ನಾನೇ ಋಷಿ ಅಂತ ಬರೀತಿದ್ದೆ’ ಎಂದೆ.

‘ಗೊತ್ತು.’

‘ಗೊತ್ತಾ? ಯಾವಾಗಿನಿಂದ?’

‘ಅಚ್ಚಿನಮನೆಯೋರು ಒಂದ್ಸಲ ತಪ್ಪು ಮಾಡ್ತಾರೆ. ಏಳ್ ಸಲ ಒಂದೇ ತಪ್ಪು ಮಾಡಾಕೆ ಮೇಷ್ಟ್ರೇ ಬೇಕು.’ ಕಿಟಕಿಯಾಚೆಯ ಬಂಡೆಗಳ ಕಡೆ ತಿರುಗಿದರು. ‘ಇವತ್ತಾದ್ರೂ ಹೇಳ್ತೀರ ಅಂದ್ಕಂಡಿದ್ದೆ. ಅಪ್ಪ ಇಟ್ಟಿದ್ದು ಅಪ್ಪಂದು. ಊರೋರು ಸಾಯಿಬ್ರು ಅಂತ ಕರೆಯೋದು ಊರೋರ್ದು. ಇದೊಂದು ಹೆಸ್ರು ನಾನೇ ಇಟ್ಕಂಡಿದ್ದೆ ಮೇಷ್ಟ್ರೇ. ಅದುನ್ನೂ ನೀವೇ ಇಟ್ಕಂಬುಟ್ರಿ.’

ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. ಮೊಣಕೈಯಲ್ಲಿ ತಿವಿದು, ‘ಆ ಗಿಲಕಿ ಯಾರು ಅಂತ ಈಗ್ಲಾದ್ರೂ ತಿಳೀತಾ?’ ಎಂದರು.

ತಿಳಿಯಿತು. ಹೆಡ್‌ಮಾಸ್ತರರ ಬಗ್ಗೆ ಅಷ್ಟು ವರ್ಷ ಅನ್ಯಾಯವಾಗಿ ನಕ್ಕಿದ್ದೆ.

ಅವರು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಕಟ್ಟೆಯ ಮೇಲೆ ನನ್ನ ಜಾಗ ಹಾಗೆಯೇ ಇತ್ತು. ಹೊಸ ಪದ ಕಟ್ಟಿದರೆ ಹೇಳುತ್ತಿದ್ದರು, ಚೀಟಿಯಲ್ಲಿ ಬರೆದದ್ದನ್ನು ದೂರದಿಂದ ತೋರಿಸುತ್ತಿದ್ದರು. ಕೈಗೆ ಮಾತ್ರ ಕೊಡುತ್ತಿರಲಿಲ್ಲ. ನಾನು ಕೈ ಚಾಚಿದರೆ ಚೀಟಿ ಜೇಬಿಗೆ ಹೋಗುತ್ತಿತ್ತು. ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಪತ್ರಿಕೆಯಲ್ಲಿ ಋಷಿ ಕಾಣದಾದಾಗ ಸಂಪಾದಕರು ‘ಋಷಿಗಳು ಮೌನವ್ರತ ಕೈಗೊಂಡಿರುವಂತೆ ತಿಳಿದುಬಂದಿದೆ’ ಎಂದು ಪ್ರಕಟಿಸಿದರು. ನನ್ನ ಷಟ್ಪದಿಗಳು ಮತ್ತೆ ವಾಪಸು ಬರತೊಡಗಿದವು.

‘ಅಚ್ಚು ನಂಗೂ ಗೊತ್ತು’ ಎಂದು ಅವರು ತಮ್ಮದೇ ಪ್ರಕಟಣೆ ಶುರುಮಾಡಿದರು. ಮಾಡಿದ ಪ್ರತಿ ಬೊಂಬೆಯ ತಳದಲ್ಲಿ ಬಿಸಿ ಕಂಬಿಯಿಂದ ‘ಒಸಿ’ ಎಂದು ಸುಟ್ಟು ಬರೆಯುತ್ತಿದ್ದರು. ಯಾವ ಕವಿಗೂ ಅಷ್ಟು ಮನೆ ಸಿಕ್ಕಿರಲಾರದು. ಆದರೆ ಅದನ್ನು ಹೆಸರೆಂದು ಓದಿದವರು ಒಬ್ಬರೂ ಇಲ್ಲ. ಕಬ್ಬಾಳಮ್ಮನಿಗೆ ಹರಕೆಯ ಪುಟ್ಟ ತೊಟ್ಟಿಲು ಕೊಂಡ ಹೆಂಗಸು ತಳ ನೋಡಿ ಗಾಬರಿಯಾಗಿ, ‘ಒಸಿ ಅಂತ ಬರ್ದಿದ್ದೀರಲ್ಲ ಸಾಯಿಬ್ರೇ, ಒಂದೇ ಕೂಸು ಆಯ್ತದಾ?’ ಎಂದು ಕೇಳಿದಳು. ಅವಳ ಸಮಾಧಾನಕ್ಕೆ ಅದೊಂದರ ಮೇಲೆ ಎರಡು ಸಲ ಬರೆದುಕೊಟ್ಟರು. ನನಗೊಂದು ನಶ್ಯದ ಡಬ್ಬಿ ಮಾಡಿಕೊಟ್ಟಿದ್ದರು. ನನ್ನ ಹೆಂಡತಿ ದಿನಕ್ಕೆ ಒಮ್ಮೆಯಾದರೂ ಅದನ್ನು ಬೋರಲು ಹಾಕಿ, ‘ನೋಡಿ, ಸಾಯಿಬ್ರೇ ಬರೆದಿದಾರೆ, ಒಸಿ ಹಾಕ್ಕೊಳ್ಳಿ ಅಂತ’ ಎನ್ನುತ್ತಾಳೆ. ಋಷಿಯ ಶಾಲು ಪೆಟ್ಟಿಗೆಯಲ್ಲಿದೆ. ಹದಿನೇಳು ಬುಟ್ಟಾಗಳಲ್ಲಿ ನುಸಿ ತಿಂದು ಉಳಿದದ್ದು ಐದು.

ವರ್ಷಗಳ ಮರದ ಪುಡಿ ಎದೆಯಲ್ಲಿ ಕೂತು ಈ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಭಾವಮೈದುನ ಕೊನೆಗೂ ಹಾಸಿಗೆ ಬಿಟ್ಟು ಎದ್ದಿದ್ದ, ಅವರಿಗೆ ಜಾಗ ಬೇಕಾಗಿ. ನೋಡಲು ಹೋದಾಗ ಉಸಿರು ಎಳೆದು ನೂಕುತ್ತಿದ್ದರು. ನನ್ನನ್ನು ಹತ್ತಿರ ಕರೆದರು.

‘ಮೇಷ್ಟ್ರೇ, ಅಚ್ಚಿನಲ್ಲಿ ನನ್ನ ಹೆಸ್ರು ಹೆಂಗ್ ಕಾಣ್ತಿತ್ತೋ ಏನೋ. ಅದೊಂದು ನೋಡ್ನಿಲ್ಲ.’

‘ಬರೀತೀನಿ ಸಾಯಿಬ್ರೇ. ಈ ತಿಂಗಳೇ ಸಂಪಾದಕರಿಗೆ ಎಲ್ಲ ಬರೆದು ತಿದ್ದಿಸ್ತೀನಿ.’

ಅವರು ನಕ್ಕರು. ‘ಒಸಿ ಬೇಗ’ ಎಂದರು.

ಮನೆಗೆ ಬಂದು ಲೇಖನಿ ಹಿಡಿದೆ. ಏನೆಂದು ಬರೆಯುವುದು? ಶಾಲು ಹೊದ್ದವನು ನಾನು, ಹಾರ ಹಾಕಿಸಿಕೊಂಡವನು ನಾನು, ಸುಳ್ಳು ಬರೆದವನು ನಾನು. ನಿವೃತ್ತನಾದ ಮೇಲೆ ಊರಿನಲ್ಲಿ ಒಂದಿಷ್ಟು ಮರ್ಯಾದೆ ಉಳಿದಿದೆ, ನಾಳೆ ಬರೆದರಾಯಿತು ಎಂದು ಮಸಿಕುಡಿಕೆ ಮುಚ್ಚಿದೆ. ಹೀಗೆ ಇಪ್ಪತ್ತು ದಿನ ಮುಚ್ಚಿದೆ. ಇಪ್ಪತ್ತೊಂದನೆಯ ದಿನ ಅವರ ಕೊನೆಯ ಮಗಳು ಬಾಗಿಲು ಬಡಿದಳು. ತಡವಾಯಿತು, ಒಸಿ ಅಲ್ಲ.

ಸಂಪಾದಕರೇ, ಗಿಲಕಿಯನ್ನು ನೀವು ಅಲ್ಲಾಡಿಸಿದಿರಿ, ಮಾತಾಡಿದ್ದೇನೆ. ಇದನ್ನು ಪ್ರಕಟಿಸುವುದಾದರೆ ನನ್ನ ಹೆಸರನ್ನು ಹೇಗೆ ಬೇಕಾದರೂ ಹಾಕಿಕೊಳ್ಳಿ, ಮೋರಿತೀರವಾಸಿ ಎಂದರೂ ನನ್ನ ತಕರಾರಿಲ್ಲ. ಈ ಲೇಖನದ ಜೊತೆಗೆ ಬಟ್ಟೆಯಲ್ಲಿ ಸುತ್ತಿ ಒಂದು ಮರದ ದಿಮ್ಮಿ ಕಳಿಸಿದ್ದೇನೆ. ಅದನ್ನು ಅಚ್ಚಿನ ಮೊಳೆ ಜೋಡಿಸುವವರ ಕೈಗೆ ಕೊಡಿ. ಒಂದು ಮಗ್ಗುಲಲ್ಲಿ ಎಮ್ಮೆಯ ಹಾಗೆ ಕಾಣುವ ಪ್ರಾಣಿಯಿದೆ, ಅದು ಒಂಟೆ. ಇನ್ನೊಂದು ಮಗ್ಗುಲಲ್ಲಿ ಅವರೇ ಬರೆದ ‘ಒ’ ಇದೆ. ಅದನ್ನು ನೋಡಿಕೊಂಡು ಅದೇ ಅಕ್ಷರ ಹುಡುಕಲಿ, ಪಕ್ಕದಲ್ಲಿ ‘ಸಿ’ ಇಡಲಿ. ಕೆಳಗಿನ ಪದ ಅವರು ಹೇಳಿದ ಹಾಗೆಯೇ ಇದೆ. ತಿದ್ದಬೇಡಿ. ಅಡಿಟಿಪ್ಪಣಿ ಬೇಡ.

ಹೊಟ್ಟೇಲಿ ಕಲ್ಲು, ಮೈಯೆಲ್ಲ ಹೊಳಪು,
ಅಲ್ಲಾಡ್ಸೋಗಂಟ ಬಾಯಿಲ್ಲ ಗಿಲಕೀಗೆ.

— ಒಸಿ